ಕಾವಲಿಲ್ಲದ ಪೆಟ್ಟಿಗೆಯ ವರದಿ

1943ರ ಅಕ್ಟೋಬರ್ 22ರಂದು ಜರ್ಮನಿಯ ಯು-537 ಎಂಬ ಜಲಾಂತರ್ಗಾಮಿ ಇಂದಿನ ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಉತ್ತರ ತುದಿಯಲ್ಲಿ, ಮಾರ್ಟಿನ್ ಬೇ ಎಂಬ ನಿರ್ಜನ ಕೊಲ್ಲಿಯಲ್ಲಿ ಲಂಗರು ಹಾಕಿತು. ಅದರಲ್ಲಿ ಬಂದಿದ್ದ ವಿಜ್ಞಾನಿ ಕುರ್ಟ್ ಸೊಮ್ಮರ್‌ಮಾಯರ್ ಮತ್ತು ನಾವಿಕರು ರಬ್ಬರ್ ದೋಣಿಗಳಲ್ಲಿ ಹತ್ತು ಲೋಹದ ಡಬ್ಬಗಳನ್ನು ದಡಕ್ಕೆ ಸಾಗಿಸಿದರು. ಒಂದೊಂದರ ತೂಕ ಸುಮಾರು 100 ಕಿಲೋ. ಅವನ್ನೆಲ್ಲ ಗುಡ್ಡದ ಮೇಲೆ ಹೊತ್ತು, ಸಾಲಾಗಿ ನಿಲ್ಲಿಸಿ, ತಂತಿಗಳಿಂದ ಜೋಡಿಸಿ, ಹತ್ತು ಮೀಟರ್ ಎತ್ತರದ ಆಂಟೆನಾ ಕಂಬ ನೆಟ್ಟರು. ಡಬ್ಬದ ಮೇಲೆ ಕೆನಡಾದ ಹವಾಮಾನ ಸಂಸ್ಥೆಯೊಂದರ ಸುಳ್ಳು ಹೆಸರು ಬರೆದಿತ್ತು. ಯಾರಾದರೂ ಆ ಕಡೆ ಬಂದರೆ ನಂಬಲಿ ಎಂದು ಸುತ್ತಲೂ ಅಮೆರಿಕದ ಸಿಗರೇಟಿನ ಖಾಲಿ ಪೊಟ್ಟಣಗಳನ್ನು ಚೆಲ್ಲಿ, ಮರುದಿನವೇ ಹಡಗು ಸಮುದ್ರಕ್ಕೆ ಮರಳಿತು.

ಸೀಮೆನ್ಸ್ ಕಂಪನಿ ತಯಾರಿಸಿದ್ದ ಈ ಸ್ವಯಂಚಾಲಿತ ಹವಾಮಾನ ಯಂತ್ರಕ್ಕೆ ‘ಕುರ್ಟ್’ ಎಂಬ ಹೆಸರೇ ಉಳಿಯಿತು. ಉಷ್ಣತೆ, ವಾಯುಭಾರ, ಗಾಳಿಯ ವೇಗ, ಗಾಳಿಯ ದಿಕ್ಕು ಇಷ್ಟನ್ನು ಅಳೆದು, ಮೂರು ಗಂಟೆಗೊಮ್ಮೆ ಎರಡು ನಿಮಿಷ ಮಾತ್ರ ಅದು ಮಾತಾಡಬೇಕಿತ್ತು. ಅದರ ಟ್ರಾನ್ಸ್‌ಮಿಟರ್ 150 ವ್ಯಾಟ್‌ನದು. 3,940 ಕಿಲೋಹರ್ಟ್ಸ್‌ನ ಶಾರ್ಟ್‌ವೇವ್‌ನಲ್ಲಿ ಸಂಕೇತ ಕಳಿಸುತ್ತಿತ್ತು. ಶಾರ್ಟ್‌ವೇವ್ ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟ: ಕೇಳುವ ಕಿವಿಗಳಿದ್ದದ್ದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ. ಭೂಮಿಯ ಬಾಗಿದ ಮೈಯನ್ನು ದಾಟಿ ಅಷ್ಟು ದೂರ ಹೋಗಬೇಕಾದರೆ ತರಂಗ ಮೇಲಿನ ಅಯಾನುಗೋಳಕ್ಕೆ ಬಡಿದು ಕೆಳಗೆ ಬರಬೇಕು. ಆಗ ಅದಕ್ಕಿದ್ದ ಹಾದಿ ಅದೊಂದೇ. ಆ ಹಾದಿ ಹಗಲು ಇದ್ದಂತೆ ರಾತ್ರಿ ಇರುವುದಿಲ್ಲ. ಅದೇ ಹಾದಿಯಲ್ಲಿ ಶತ್ರುವಿನ ಕಿವಿಗೂ ಸುದ್ದಿ ಬೀಳುತ್ತದೆ. ಒಂದು ಟನ್ನಿನಷ್ಟು ಸರಂಜಾಮಿನಲ್ಲಿ ಬಹುಪಾಲು ಬ್ಯಾಟರಿಯೇ ಇತ್ತು.

ಆರು ತಿಂಗಳು ನಡೆಯಬೇಕಿದ್ದ ಕುರ್ಟ್ ಬೇಗನೆ ಮೌನವಾಯಿತು. ಡಬ್ಬಗಳು ಮಾತ್ರ ಅಲ್ಲೇ ತುಕ್ಕು ಹಿಡಿಯುತ್ತ ನಿಂತಿದ್ದವು. ಸೀಮೆನ್ಸ್‌ನ ನಿವೃತ್ತ ಎಂಜಿನಿಯರ್ ಫ್ರಾನ್ಸ್ ಸೆಲಿಂಗರ್ ಹಳೆಯ ಕಾಗದಪತ್ರಗಳ ಜಾಡು ಹಿಡಿದ ಮೇಲೆ, 1981ರಲ್ಲಿ ಕೆನಡಾದವರು ಹೋಗಿ ಅವನ್ನು ಗುರುತಿಸಿದರು. ಈಗ ಆ ಯಂತ್ರ ಒಟ್ಟಾವಾದ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.

ಮನುಷ್ಯರಿಲ್ಲದ ಜಾಗದಿಂದ ಅಂಕಿಅಂಶ ತರಿಸಿಕೊಳ್ಳುವವರು ಅಂದಿನಿಂದ ಇಂದಿನವರೆಗೆ ಕೇಳಿಕೊಂಡಿರುವ ಪ್ರಶ್ನೆಗಳು ಬದಲಾಗಿಲ್ಲ. ಎಷ್ಟು ದೂರ? ನಡುವೆ ಗುಡ್ಡವೋ ಬಯಲೋ? ಬ್ಯಾಟರಿ ಎಷ್ಟು ದಿನ ಬರುತ್ತದೆ? ಸುದ್ದಿ ತಕ್ಷಣ ಬೇಕೋ, ನಾಳೆ ಬಂದರೂ ಸಾಕೋ? ಹಾದಿ ನಮ್ಮದೋ ಪರರದೋ? ಇವತ್ತು ‘ಡೇಟಾ ಲಾಗರ್’ ಎನ್ನುವ ಪುಟ್ಟ ಪೆಟ್ಟಿಗೆಯ ಚರಿತ್ರೆ ಎಂದರೆ ಈ ಪ್ರಶ್ನೆಗಳಿಗೆ ಒಂದೊಂದು ಕಾಲ, ಒಂದೊಂದು ನೆಲ ಕೊಟ್ಟ ಉತ್ತರಗಳ ಚರಿತ್ರೆ.

ರೇಡಿಯೊ ಬರುವ ಮೊದಲು ದೂರದ ಅಂಕಿ ತರಿಸುವ ಕೆಲಸವನ್ನು ಮನುಷ್ಯ ಮತ್ತು ತಂತಿ ಸೇರಿ ಮಾಡುತ್ತಿದ್ದರು. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ ಮೂರೇ ವರ್ಷಗಳಲ್ಲಿ ಸಿಮ್ಲಾದಿಂದ ದಿನವಹಿ ಹವಾಮಾನ ವರದಿ ಹೊರಡಿಸತೊಡಗಿತು. ದೇಶದ ಮೂಲೆಮೂಲೆಯಿಂದ ಬರುವ ಟೆಲಿಗ್ರಾಂಗಳೇ ಅದಕ್ಕೆ ಆಧಾರ. ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ ವರದಿಗಳನ್ನು ಪ್ರಕಟಿಸಿದರು. ತಾಲ್ಲೂಕು ಕಚೇರಿಯ ಅಂಗಳದ ಮಳೆಮಾಪಕ ಮಲೆನಾಡಿನ ಹಳೆಯ ತಲೆಮಾರಿಗೆ ಪರಿಚಿತ ನೋಟ. ಕೊಡಗಿನ ಕಾಫಿ ತೋಟಗಳಲ್ಲಿ ಇಂದಿಗೂ ಮಳೆ ಲೆಕ್ಕ ಇಂಚು ಮತ್ತು ಸೆಂಟ್‌ಗಳಲ್ಲಿ ನಡೆಯುತ್ತದೆ. ‘ರಾತ್ರಿ ಎರಡು ಇಂಚು ನಲವತ್ತು ಸೆಂಟು’ ಎಂದರೆ ಅಲ್ಲಿನವರಿಗೆ ಅದು ಎಷ್ಟು ಮಳೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಆದರೆ ಇದೆಲ್ಲ ಬೆಳಿಗ್ಗೆ ಎದ್ದು ಅಳೆದು ಪುಸ್ತಕದಲ್ಲಿ ಬರೆಯುವ ಲೆಕ್ಕ. ರಾತ್ರಿ ಎರಡು ಗಂಟೆಗೆ ಹೊಳೆ ಏರುತ್ತಿದ್ದರೆ ಆ ಪುಸ್ತಕಕ್ಕೆ ಅದು ತಿಳಿಯುವುದು ಬೆಳಗಾದ ಮೇಲೆ.

ಯಂತ್ರವೇ ಅಳೆದು, ಯಂತ್ರವೇ ಹೇಳುವ ಮೊದಲ ಪ್ರಯತ್ನಗಳು ಗೆದ್ದದ್ದು ಆಕಾಶದಲ್ಲಿ. ಫ್ರಾನ್ಸಿನ ರಾಬರ್ಟ್ ಬ್ಯೂರೊ 1929ರ ಜನವರಿಯಲ್ಲಿ ಬಲೂನಿಗೆ ಪುಟ್ಟ ರೇಡಿಯೊ ಕಟ್ಟಿ ಹಾರಿಬಿಟ್ಟರು. ಮರುವರ್ಷ ಸೋವಿಯತ್ ರಷ್ಯಾದ ಪಾವೆಲ್ ಮೊಲ್ಚನೊವ್, ಅಳತೆಗಳನ್ನು ಮೋರ್ಸ್ ಸಂಕೇತವಾಗಿ ಕಳಿಸುವ ರೇಡಿಯೊಸಾಂಡ್ ಹಾರಿಸಿದರು. ಬಲೂನು ಮೇಲಿದ್ದಷ್ಟೂ ಕೆಳಗಿನವರಿಗೂ ಅದಕ್ಕೂ ನಡುವೆ ಅಡ್ಡಿ ಇರುವುದಿಲ್ಲ. ಆದ್ದರಿಂದ ದುರ್ಬಲ ಟ್ರಾನ್ಸ್‌ಮಿಟರ್, ಕೆಲವೇ ಗಂಟೆ ಬಾಳುವ ಬ್ಯಾಟರಿ ಸಾಕಾಯಿತು. ನೆಲದ ಮೇಲಿನ ಯಂತ್ರಕ್ಕೆ ಆ ಅನುಕೂಲ ಇಲ್ಲ. ಗುಡ್ಡದ ಸಂದಿಯಲ್ಲಿ, ಕಣಿವೆಯ ತಳದಲ್ಲಿ, ಮರಗಳ ಕೆಳಗೆ ಕೂತ ಪೆಟ್ಟಿಗೆಯ ದನಿಯನ್ನು ಊರಿಗೆ ಮುಟ್ಟಿಸುವುದೇ ಮುಂದಿನ ಅರ್ಧ ಶತಮಾನದ ಕೆಲಸವಾಯಿತು.

ಆ ಕೆಲಸದ ಅತ್ಯಂತ ಜಾಣ ಉತ್ತರ ಬಂದದ್ದು ಅಮೆರಿಕದ ಪಶ್ಚಿಮದ ಹಿಮಬೆಟ್ಟಗಳಲ್ಲಿ. ಅಲ್ಲಿನ ಒಣ ರಾಜ್ಯಗಳಿಗೆ ಬೇಸಿಗೆಯ ನೀರು ಎಂದರೆ ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ. ನೆವಾಡಾ ವಿಶ್ವವಿದ್ಯಾಲಯದಲ್ಲಿ ಗ್ರೀಕ್, ಲ್ಯಾಟಿನ್ ಸಾಹಿತ್ಯ ಕಲಿಸುತ್ತಿದ್ದ ಜೇಮ್ಸ್ ಚರ್ಚ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೌಂಟ್ ರೋಸ್ ಬೆಟ್ಟ ಹತ್ತಿ, ಹಿಮದೊಳಗೆ ಕೊಳವೆ ಇಳಿಸಿ, ಅದರಲ್ಲಿ ಎಷ್ಟು ನೀರಿದೆ ಎಂದು ತೂಗುವ ಕ್ರಮ ರೂಪಿಸಿದರು. ದಶಕಗಳ ಕಾಲ ಸಮೀಕ್ಷಕರು ಹಿಮದ ಮೇಲೆ ಜಾರುಹಲಗೆ ಕಟ್ಟಿಕೊಂಡು ಹೋಗಿ ಇದನ್ನೇ ಮಾಡಿದರು. ಮುಂದೆ ಹಿಮದ ಅಡಿಯಲ್ಲಿ ದ್ರವ ತುಂಬಿದ ಚಪ್ಪಟೆ ದಿಂಬುಗಳನ್ನು ಹಾಸಿ, ಮೇಲಿನ ಹಿಮದ ಭಾರದಿಂದ ನೀರಿನ ಪ್ರಮಾಣ ತಿಳಿಯುವ ವ್ಯವಸ್ಥೆ ಬಂತು. ಆ ಅಂಕಿಯನ್ನು ಬೆಟ್ಟದಿಂದ ಇಳಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಶಿಖರದಿಂದ ಶಿಖರಕ್ಕೆ, ಸಂಕೇತ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಕಟ್ಟುತ್ತ ಹೋದರೆ ಖರ್ಚು ಹೆಚ್ಚು, ಚಳಿಗಾಲದಲ್ಲಿ ಒಂದು ಕೆಟ್ಟರೆ ಹತ್ತಿ ಹೋಗಿ ರಿಪೇರಿ ಮಾಡುವವರಿಲ್ಲ.

1970ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡ ‘ಸ್ನೋಟೆಲ್’ ಜಾಲ ಇದಕ್ಕೆ ಉಲ್ಕೆಗಳನ್ನು ಬಳಸಿಕೊಂಡಿತು. ದಿನವೂ ಲೆಕ್ಕವಿಲ್ಲದಷ್ಟು ಧೂಳಿನ ಕಣಗಳು ವಾತಾವರಣಕ್ಕೆ ನುಗ್ಗಿ ಸುಮಾರು 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುತ್ತವೆ. ಬಹುಪಾಲು ಕಣ್ಣಿಗೆ ಕಾಣುವುದೇ ಇಲ್ಲ. ಉರಿದ ಜಾಡಿನಲ್ಲಿ ವಿದ್ಯುದಾವೇಶಗೊಂಡ ಅನಿಲದ ಗೆರೆಯೊಂದು ಕ್ಷಣಕಾಲ ಉಳಿಯುತ್ತದೆ. 40 ಮೆಗಾಹರ್ಟ್ಸ್ ಆಸುಪಾಸಿನ ತರಂಗ ಅದಕ್ಕೆ ತಾಗಿ ಕೆಳಗೆ ಚಿಮ್ಮುತ್ತದೆ. ಐಡಹೊದ ಬಾಯ್ಸಿ ಮತ್ತು ಯೂಟಾದ ಆಗ್ಡನ್‌ನಲ್ಲಿದ್ದ ಎರಡು ಮುಖ್ಯ ಕೇಂದ್ರಗಳು ಆಕಾಶಕ್ಕೆ ಬಿಡದೆ ಕೂಗು ಹಾಕುತ್ತಿದ್ದವು. ಯಾವುದೋ ಉಲ್ಕೆಯ ಜಾಡು ಸರಿಯಾದ ಕೋನದಲ್ಲಿ ಬಿದ್ದಾಗ ಆ ಕೂಗು ಬೆಟ್ಟದ ಪೆಟ್ಟಿಗೆಗೆ ಕೇಳಿಸುತ್ತಿತ್ತು. ಜಾಡು ಅಳಿಯುವ ಮೊದಲೇ ಪೆಟ್ಟಿಗೆ ತನ್ನ ಅಂಕಿಗಳನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಎಸೆಯುತ್ತಿತ್ತು. ತಲುಪಿತು ಎಂಬ ಉತ್ತರ ಬಂದರೆ ಸುಮ್ಮನಾಗುತ್ತಿತ್ತು. ಈ ಇಡೀ ಸಂಭಾಷಣೆ ಸೆಕೆಂಡಿನೊಳಗೆ ಮುಗಿಯುತ್ತಿತ್ತು. ಈ ಹಾದಿಯಲ್ಲಿ ಸುಮಾರು 1,900 ಕಿಲೋಮೀಟರ್‌ವರೆಗೆ ತಲುಪಬಹುದಿತ್ತು. ಮುಂದಿನ ಉಲ್ಕೆಗಾಗಿ ಕೆಲವು ನಿಮಿಷ ಕಾಯಬೇಕಾದರೂ ಹಿಮದ ಲೆಕ್ಕಕ್ಕೆ ಅದರಿಂದ ನಷ್ಟವಿಲ್ಲ. ಹಿಮ ಓಡಿಹೋಗುವುದಿಲ್ಲ.

ಪ್ರವಾಹಕ್ಕೆ ಈ ತಾಳ್ಮೆ ನಡೆಯದು. 1976ರ ಜುಲೈ 31ರ ಸಂಜೆ ಕೊಲರಾಡೊದ ಬಿಗ್ ಥಾಂಪ್ಸನ್ ಕಣಿವೆಯ ಮೇಲೆ ಕೆಲವೇ ಗಂಟೆಗಳಲ್ಲಿ ಸುಮಾರು 300 ಮಿ.ಮೀ. ಮಳೆ ಸುರಿಯಿತು. ಕಣಿವೆಯಲ್ಲಿ ರಜೆ ಕಳೆಯಲು ಬಂದವರೂ ಸೇರಿ 144 ಜನ ಸತ್ತರು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ನದಿ ಮುನ್ಸೂಚನಾ ಕೇಂದ್ರದವರು ‘ಅಲರ್ಟ್’ ಎಂಬ ವ್ಯವಸ್ಥೆ ಕಟ್ಟಿದ್ದರು. ಈ ದುರಂತದ ನಂತರ ಅದು ಊರೂರಿಗೆ ಹಬ್ಬಿತು.

ಅದರ ಒಳಗನ್ನು ಹತ್ತಿರದಿಂದ ನೋಡಬೇಕು. ಮಳೆಮಾಪಕದ ಆಲಿಕೆಯ ಕೆಳಗೆ ಬೆನ್ನಿಗೆ ಬೆನ್ನು ತಾಗಿಸಿದ ಎರಡು ಪುಟ್ಟ ಬಟ್ಟಲುಗಳು ಅಚ್ಚಿನ ಮೇಲೆ ತೂಗುತ್ತಿರುತ್ತವೆ. ಒಂದು ತುಂಬಿದೊಡನೆ ಅದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೇರಿ ತುಂಬತೊಡಗುತ್ತದೆ. ಪ್ರತಿ ವಾಲಿಕೆ ಸುಮಾರು ಒಂದು ಮಿ.ಮೀ. ಮಳೆ. ವಾಲುವಾಗ ಬಟ್ಟಲಿಗೆ ಅಂಟಿಸಿದ ಆಯಸ್ಕಾಂತ ಒಂದು ಸ್ವಿಚ್ಚಿನ ಎದುರು ಹಾದುಹೋಗುತ್ತದೆ, ರೇಡಿಯೊ ಎಚ್ಚರಗೊಳ್ಳುತ್ತದೆ. ಅದು ಕಳಿಸುವುದು ಎರಡೇ ಸಂಖ್ಯೆ: ತನ್ನ ಗುರುತು ಮತ್ತು ಇದುವರೆಗಿನ ವಾಲಿಕೆಗಳ ಮೊತ್ತ. ಮೊತ್ತ 2,047 ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಎಣಿಕೆ. ‘ಈಗ ಒಂದು ಮಿ.ಮೀ. ಬಿತ್ತು’ ಎನ್ನುವ ಬದಲು ‘ಇಲ್ಲಿವರೆಗೆ ಇಷ್ಟಾಯಿತು’ ಎನ್ನುವುದರಲ್ಲೇ ಇದರ ಜಾಣ್ಮೆ ಇದೆ. ನಡುವೆ ಒಂದೆರಡು ಸಂದೇಶ ಕಳೆದುಹೋದರೂ ಮುಂದಿನದು ಬಂದಾಗ ಲೆಕ್ಕ ತಾನೇ ಸರಿಹೋಗುತ್ತದೆ. ಮಳೆ ಇಲ್ಲದಾಗ ಪೆಟ್ಟಿಗೆ ಬಹುತೇಕ ನಿದ್ದೆಯಲ್ಲಿರುತ್ತದೆ, ಬ್ಯಾಟರಿ ಉಳಿಯುತ್ತದೆ. ಮಳೆ ಹೊಡೆದಾಗ ಗಳಿಗೆಗೊಮ್ಮೆ ಮಾತಾಡುತ್ತದೆ.

ಆದರೆ ಸುತ್ತಲ ಹತ್ತಾರು ಪೆಟ್ಟಿಗೆಗಳು ಒಂದೇ ವಿಎಚ್‌ಎಫ್ (ಅತಿ ಹೆಚ್ಚಿನ ಕಂಪನಾಂಕದ ರೇಡಿಯೊ) ಚಾನೆಲ್‌ನಲ್ಲಿ ಒಟ್ಟಿಗೆ ಬಾಯಿ ತೆರೆದರೆ? ಇಂಥದೇ ತೊಡಕನ್ನು ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವಿನ ‘ಅಲೋಹಾ’ ಜಾಲದಲ್ಲಿ 1971ರಲ್ಲೇ ಎದುರಿಸಿದ್ದರು. ಎಲ್ಲರೂ ಬೇಕೆಂದಾಗ ಮಾತಾಡಲಿ, ಡಿಕ್ಕಿಯಾದರೆ ಆಗಲಿ ಎಂದು ಬಿಟ್ಟರೆ, ಚಾನೆಲ್‌ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ದಕ್ಕುತ್ತದೆ ಎಂಬುದು ಅಲ್ಲಿ ಕಂಡ ಲೆಕ್ಕ. ಸಂದೇಶ ಚಿಕ್ಕದಿದ್ದರೆ, ಒಂದೆರಡು ಕಳೆದರೂ ನಡೆಯುವಂತಿದ್ದರೆ, ಅಷ್ಟೇ ಸಾಕು. ಅಲರ್ಟ್ ನಂಬಿಕೊಂಡದ್ದೂ ಇದನ್ನೇ. ವಿಎಚ್‌ಎಫ್ ನೇರ ನೋಟದಷ್ಟು ದೂರವೇ ಹೋಗುವುದರಿಂದ ಒಂದೆರಡು ಗುಡ್ಡಗಳ ಮೇಲೆ ರಿಪೀಟರ್ ಬೇಕಾಯಿತು. ಒಂದು ಕಣಿವೆ, ಒಂದು ಜಿಲ್ಲೆಯ ಮಟ್ಟಿಗೆ ಅದು ಸಾಧ್ಯವಿತ್ತು. ಮುಖ್ಯವಾಗಿ, ಇಡೀ ಹಾದಿ ಆ ಊರಿನವರ ಕೈಯಲ್ಲೇ ಇತ್ತು.

ಇಡೀ ದೇಶಕ್ಕೆ, ಸಾಗರಕ್ಕೆ ಈ ಅಳತೆ ಸಾಲದು. 1972ರಲ್ಲಿ ಹಾರಿದ, ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಉಪಗ್ರಹವೇ ನೆಲದ ಪೆಟ್ಟಿಗೆಗಳ ಸಂದೇಶ ಹಿಡಿದು ಕೆಳಗೆ ಕೊಡುವ ಸಾಧನ ಹೊತ್ತಿತ್ತು. 1978ರಲ್ಲಿ ಫ್ರಾನ್ಸ್ ಮತ್ತು ಅಮೆರಿಕ ಸೇರಿ ‘ಆರ್ಗೋಸ್’ ಆರಂಭಿಸಿದವು. ಧ್ರುವಗಳ ಮೇಲೆ ಸುತ್ತುವ ಉಪಗ್ರಹ ಸಮೀಪಿಸುವಾಗ ಮತ್ತು ದೂರ ಸರಿಯುವಾಗ ಸಂಕೇತದ ಕಂಪನಾಂಕ ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಪೆಟ್ಟಿಗೆ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಸಮುದ್ರದ ತೇಲುಬುರುಡೆಗಳಿಗೆ, ವಲಸೆ ಹಕ್ಕಿಗಳಿಗೆ, ಕಡಲಾಮೆಗಳಿಗೆ ಆರ್ಗೋಸ್ ಆಸರೆಯಾದದ್ದು ಹೀಗೆ.

ಭಾರತ ಹಿಡಿದ ಹಾದಿ ಭೂಸ್ಥಿರ ಉಪಗ್ರಹದ್ದು. 1983ರ ಆಗಸ್ಟ್ 30ರಂದು ಚಾಲೆಂಜರ್ ಗಗನನೌಕೆ ಹೊತ್ತೊಯ್ದ ಇನ್ಸಾಟ್-1ಬಿ ಟಿ.ವಿ. ಮತ್ತು ಟೆಲಿಫೋನ್‌ಗಳ ಜೊತೆಗೆ ಹವಾಮಾನ ಅಂಕಿಗಳನ್ನು ಮರುಪ್ರಸಾರ ಮಾಡುವ ಟ್ರಾನ್ಸ್‌ಪಾಂಡರನ್ನೂ ಹೊತ್ತಿತ್ತು. ಹವಾಮಾನ ಇಲಾಖೆ ಎಂಬತ್ತರ ದಶಕದಲ್ಲಿ ನೂರರಷ್ಟು ಸ್ವಯಂಚಾಲಿತ ಪೆಟ್ಟಿಗೆಗಳನ್ನು ದೇಶದ ಬೇರೆ ಬೇರೆ ಕಡೆ ನೆಟ್ಟಿತು. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ 402 ಮೆಗಾಹರ್ಟ್ಸ್‌ನಲ್ಲಿ ಸಂದೇಶ ಹೋಗುತ್ತಿತ್ತು. ಈ ಕಂಪನಾಂಕದಲ್ಲಿ ಮಳೆ ಅಡ್ಡ ಬರುವುದಿಲ್ಲ ಎಂಬುದು ಮುಂಗಾರಿನ ನಾಡಿಗೆ ಸಣ್ಣ ಅನುಕೂಲವಲ್ಲ. ಮೊದಲಿಗೆ ಪೆಟ್ಟಿಗೆಗಳು ಒಂದೇ ಸಂದೇಶವನ್ನು ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಹಲವು ಸಲ ಕಳಿಸುತ್ತಿದ್ದವು, ಒಂದಾದರೂ ಮುಟ್ಟಲಿ ಎಂದು. ಸಂಖ್ಯೆ ನೂರಾರಿಗೆ ಏರಿದಾಗ ಅದು ಸಾಲದಾಯಿತು. 2006-07ರ ಹೊತ್ತಿಗೆ ಬಂದ ಹೊಸ ತಲೆಮಾರಿನ ಕೇಂದ್ರಗಳಲ್ಲಿ ಪ್ರತಿಯೊಂದಕ್ಕೂ ಒಂದು ನಿಗದಿತ ಸರದಿ ಕೊಡಲಾಯಿತು. ಜಿಪಿಎಸ್ ಗಡಿಯಾರ ನೋಡಿಕೊಂಡು ಗಂಟೆಗೊಮ್ಮೆ ತನ್ನ ಸರದಿಯಲ್ಲಿ ಮಾತಾಡಿ ಅದು ಸುಮ್ಮನಾಗಬೇಕು. ಪುಣೆಯ ಭೂಕೇಂದ್ರ ಅವನ್ನು ಹಿಡಿದುಕೊಳ್ಳುತ್ತದೆ. ಕಲ್ಪನಾ ಚಾವ್ಲಾ ಹೆಸರು ಹೊತ್ತ ಕಲ್ಪನಾ-1 ಉಪಗ್ರಹವೂ ಈ ಕೆಲಸಕ್ಕೆ ದುಡಿಯಿತು. ಗುಡ್ಡವಿರಲಿ ಕಾಡಿರಲಿ, ತಲೆಯ ಮೇಲೆ ಉಪಗ್ರಹದ ದಿಕ್ಕಿಗೆ ಒಂದಿಷ್ಟು ಆಕಾಶ ತೆರೆದಿದ್ದರೆ ಸಾಕು. ಕೊರತೆಯೆಂದರೆ ಗಂಟೆಗೊಮ್ಮೆ ಮಾತ್ರ ಸುದ್ದಿ, ಅದೂ ಒಮ್ಮುಖ. ಕೇಂದ್ರದಿಂದ ಪೆಟ್ಟಿಗೆಗೆ ‘ಇನ್ನೊಮ್ಮೆ ಹೇಳು’ ಎನ್ನಲು ದಾರಿಯಿಲ್ಲ.

ಆ ಕೊರತೆಯನ್ನು ತುಂಬಿದ್ದು ಮೊಬೈಲ್. 1995ರ ಜುಲೈ 31ರಂದು ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಟವರ್‌ಗಳು ಹಳ್ಳಿಹಳ್ಳಿ ಮುಟ್ಟಿದವು. ಕರ್ನಾಟಕ ಇದನ್ನು ಬಳಸಿಕೊಂಡ ಪ್ರಮಾಣ ದೊಡ್ಡದು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ನೆಟ್ಟಿತು. ಸೌರಫಲಕ, ಬ್ಯಾಟರಿ, ಒಂದು ಸಿಮ್ ಇಷ್ಟೇ ಅದರ ಸರಂಜಾಮು. ಹದಿನೈದು ನಿಮಿಷಕ್ಕೊಮ್ಮೆ ಜಿಪಿಆರ್‌ಎಸ್ ಮೂಲಕ ಅಂಕಿ ಬೆಂಗಳೂರಿಗೆ ಬರುತ್ತದೆ. ತಮ್ಮೂರಿನ ಮಳೆ ಬಗ್ಗೆ ರೈತರು ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು. ತಾಲ್ಲೂಕು ಕಚೇರಿಯ ಒಂದು ಮಾಪಕದ ಲೆಕ್ಕ ಹಿಡಿದು ಇಡೀ ತಾಲ್ಲೂಕಿನ ಬರ ಅಳೆಯುತ್ತಿದ್ದ ಕಾಲಕ್ಕೂ ಇದಕ್ಕೂ ಇರುವ ಅಂತರವನ್ನು ಬೆಳೆವಿಮೆಗಾಗಿ ಅಲೆದ ರೈತ ಚೆನ್ನಾಗಿ ಬಲ್ಲ. ಪಕ್ಕದ ಹೋಬಳಿಯಲ್ಲಿ ಸುರಿದ ಮಳೆ ತನ್ನ ಹೊಲದ ಲೆಕ್ಕಕ್ಕೆ ಸೇರಿದ ನೋವು ಅವನದು.

ಆದರೆ ಮೊಬೈಲ್ ಹಾದಿಗೆ ಎರಡು ದೌರ್ಬಲ್ಯಗಳಿವೆ. ಒಂದು, ಮಳೆ ಜೋರಾದ ದಿನವೇ ಅದು ಕೈಕೊಡುವ ಸಾಧ್ಯತೆ. ಮಲೆನಾಡಿನಲ್ಲಿ ವಾರಗಟ್ಟಲೆ ಮೋಡ ಕವಿದಾಗ ಸೌರಫಲಕ ಬ್ಯಾಟರಿಗೆ ತುಂಬುವುದು ಅಷ್ಟಕ್ಕಷ್ಟೆ. ಜಿಎಸ್‌ಎಂ ಮೋಡೆಮ್ ಸಂದೇಶ ಕಳಿಸುವಾಗ ಕ್ಷಣಕಾಲ ಎರಡು ಆಂಪಿಯರ್‌ವರೆಗೆ ವಿದ್ಯುತ್ ಎಳೆಯುತ್ತದೆ. ದುರ್ಬಲ ಬ್ಯಾಟರಿ ಆ ಎಳೆತಕ್ಕೆ ಕುಸಿದು ಪೆಟ್ಟಿಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅತ್ತ ಕರೆಂಟು ಹೋಗಿ ಟವರ್‌ನ ಡೀಸೆಲ್ ಮುಗಿದರೆ ಇತ್ತ ಕೇಳುವವರೇ ಇಲ್ಲ. ಎರಡನೆಯದು, ಹಾದಿಯ ಒಡೆತನ. ಅಮೆರಿಕದಲ್ಲಿ ಎಟಿ ಆಂಡ್ ಟಿ ಕಂಪನಿ 2016ರ ಕೊನೆಗೆ 2ಜಿಯನ್ನೂ 2022ರಲ್ಲಿ 3ಜಿಯನ್ನೂ ಮುಚ್ಚಿತು. ಆಸ್ಟ್ರೇಲಿಯಾದಲ್ಲಿ 2024ರಲ್ಲಿ 3ಜಿ ಮುಗಿಯಿತು. ಹೊಳೆ ಬದಿಯಲ್ಲಿ, ಹೊಲದ ಅಂಚಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಪೆಟ್ಟಿಗೆಗಳಿಗೂ ಹೊಸ ಮೋಡೆಮ್ ಹುಡುಕಬೇಕಾಯಿತು. ಭಾರತದಲ್ಲೂ 2016ರಲ್ಲಿ ಬಂದ ಜಿಯೊ ಜಾಲದಲ್ಲಿ 2ಜಿ ಎಂಬುದೇ ಇಲ್ಲ. ಉಪಗ್ರಹದ ಖಾಸಗಿ ಹಾದಿಯೂ ಇದರಿಂದ ಹೊರತಲ್ಲ. 1998ರ ನವೆಂಬರ್‌ನಲ್ಲಿ ಸೇವೆ ಆರಂಭಿಸಿದ ಉಪಗ್ರಹ ಫೋನ್ ಕಂಪನಿ ಇರಿಡಿಯಂ ಮರುವರ್ಷವೇ ದಿವಾಳಿ ಅರ್ಜಿ ಹಾಕಿತ್ತು. ಹೊಸ ಒಡೆಯರು ಬಂದು ಅದನ್ನು ಉಳಿಸಿದರು.

ಸ್ವಂತ ಹಾದಿಯ ಆಸೆ ಮತ್ತೆ ಚಿಗುರಿದ್ದು ಇಂಥ ಅನುಭವಗಳಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಸೇರಿ 2000ದ ದಶಕದಲ್ಲಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಪುಟ್ಟ ವೈರ್‌ಲೆಸ್ ಸಂವೇದಕಗಳನ್ನು ಹೂಳಿದ್ದವು. ಮಳೆಯನ್ನೇ ನಂಬಿದ ಸಣ್ಣ ರೈತನಿಗೆ ಮಣ್ಣಿನ ತೇವದ ಲೆಕ್ಕ ಸಿಗಲಿ ಎಂಬುದು ಉದ್ದೇಶ. ಅಂದಿನ ಕಡಿಮೆ ಶಕ್ತಿಯ ರೇಡಿಯೊಗಳು ಹೆಚ್ಚು ದೂರ ಹೋಗುತ್ತಿರಲಿಲ್ಲ, ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸಬೇಕಿತ್ತು. ಆ ಮಿತಿ ಸಡಿಲಿಸಿದ್ದು ‘ಲೋರಾ’. ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೊ ಎಂಬ ಸಣ್ಣ ಕಂಪನಿ ರೂಪಿಸಿದ ಈ ಕ್ರಮವನ್ನು 2012ರಲ್ಲಿ ಸೆಮ್‌ಟೆಕ್ ಕೊಂಡುಕೊಂಡಿತು. ಕೋಗಿಲೆಯ ಕೂಗಿನಂತೆ ಏರುತ್ತ ಹೋಗುವ ಸ್ವರದಲ್ಲಿ ಅದು ಸಂಕೇತ ಕಳಿಸುತ್ತದೆ. ಸುತ್ತಲ ಗದ್ದಲಕ್ಕಿಂತ ಕ್ಷೀಣವಾಗಿದ್ದರೂ ಆ ಏರಿಕೆಯನ್ನು ರಿಸೀವರ್ ಗುರುತಿಸಬಲ್ಲದು. ಕೂಗನ್ನು ನಿಧಾನಗೊಳಿಸಿದಷ್ಟೂ ದೂರ ಹೆಚ್ಚು, ಬ್ಯಾಟರಿ ಖರ್ಚೂ ಹೆಚ್ಚು. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಮಿತಿಯೊಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಕುರ್ಟ್‌ಗೆ 150 ವ್ಯಾಟ್ ಬೇಕಿದ್ದರೆ, ಬಯಲುಸೀಮೆಯಲ್ಲಿ ಕೆಲವು ಕಿಲೋಮೀಟರ್ ದೂರ ಮುಟ್ಟಲು ಲೋರಾಕ್ಕೆ ವ್ಯಾಟ್‌ನ ನಲವತ್ತನೇ ಒಂದು ಭಾಗ ಸಾಕು.

ಕುರ್ಟ್ ಹಿಡಿದ ಶಾರ್ಟ್‌ವೇವ್ ಹಾದಿಯೂ ಹೊಸ ರೂಪದಲ್ಲಿ ಮರಳಿದೆ. ಭೌತಶಾಸ್ತ್ರದ ನೊಬೆಲ್ ಪಡೆದ ಹ್ಯಾಮ್ ರೇಡಿಯೊ ಹವ್ಯಾಸಿ ಜೋ ಟೇಲರ್ 2008ರಲ್ಲಿ ಬಿಡುಗಡೆ ಮಾಡಿದ ಡಬ್ಲ್ಯುಎಸ್‌ಪಿಆರ್ ಎಂಬ ಕ್ರಮದಲ್ಲಿ 50 ಬಿಟ್‌ನ ಸಂದೇಶ ಕಳಿಸಲು ಹೆಚ್ಚುಕಡಿಮೆ ಎರಡು ನಿಮಿಷ ಬೇಕು. ಅಷ್ಟು ನಿಧಾನವಾದ್ದರಿಂದಲೇ ಕಾಲು ವ್ಯಾಟ್‌ಗಿಂತ ಕಡಿಮೆ ಶಕ್ತಿಯಲ್ಲಿ ಅದು ಸಾಗರ ದಾಟುತ್ತದೆ. ಹವ್ಯಾಸಿಗಳು ಹಾರಿಬಿಡುವ ಪುಟ್ಟ ಬಲೂನುಗಳು ಭೂಮಿ ಸುತ್ತುತ್ತ ತಾವಿರುವ ಜಾಗ ತಿಳಿಸುವುದು ಈ ಹಾದಿಯಲ್ಲೇ.

ಈ ಎಂಬತ್ತು ವರ್ಷಗಳಲ್ಲಿ ಗೆದ್ದ ವ್ಯವಸ್ಥೆಗಳೆಲ್ಲ ತಮ್ಮ ನೆಲ ಮತ್ತು ಕೆಲಸವನ್ನು ಮೊದಲು ನೋಡಿ, ರೇಡಿಯೊವನ್ನು ಆಮೇಲೆ ಆರಿಸಿಕೊಂಡವು. ಕಾಯಬಲ್ಲ ಹಿಮಕ್ಕೆ ಉಲ್ಕೆ ಸಾಕಾಯಿತು, ಕಾಯಲಾರದ ಹೊಳೆಗೆ ಊರಿನದೇ ವಿಎಚ್‌ಎಫ್ ಬೇಕಾಯಿತು. ಪಶ್ಚಿಮ ಘಟ್ಟದ ಕಣಿವೆಗೂ ಪಾವಗಡದ ಬಯಲಿಗೂ ಒಂದೇ ಟೆಂಡರ್‌ನಲ್ಲಿ ಒಂದೇ ಬಗೆಯ ಪೆಟ್ಟಿಗೆ ಕೊಳ್ಳುವುದು ಈ ಅನುಭವಕ್ಕೆ ವಿರುದ್ಧ. ಪಂಚಾಯಿತಿಯಾಗಲಿ, ನೀರಾವರಿ ಇಲಾಖೆಯಾಗಲಿ, ತೋಟದ ಮಾಲೀಕರಾಗಲಿ, ಹೊಸ ಮಾಪಕ ಕೊಳ್ಳುವವರು ನಾಲ್ಕು ವಿಷಯಗಳನ್ನು ಕೇಳಿ ಪಡೆಯಬೇಕು. ಸಿಗ್ನಲ್ ಪರೀಕ್ಷೆ ಬೇಸಿಗೆಯ ಬಿಸಿಲಲ್ಲಿ ಅಲ್ಲ, ಆಷಾಢದ ಮಳೆಯಲ್ಲಿ ನಡೆಯಲಿ. ಹಾದಿ ಮುಚ್ಚಿದಾಗಲೂ ಅಳತೆಯನ್ನು ತಿಂಗಳುಗಟ್ಟಲೆ ತನ್ನಲ್ಲೇ ಉಳಿಸಿಕೊಳ್ಳುವ ಮೆಮೊರಿ ಪೆಟ್ಟಿಗೆಯಲ್ಲಿರಲಿ. ಮೋಡೆಮ್ ಮಾತ್ರ ಬಿಚ್ಚಿ ಬದಲಿಸುವಂತಿರಲಿ. ಅದರ ಪಕ್ಕದಲ್ಲೇ ಒಂದು ಸಾದಾ ಮಳೆಮಾಪಕವೂ, ಬೆಳಿಗ್ಗೆ ಎಂಟೂವರೆಗೆ ಅದನ್ನು ಅಳೆದು ಪುಸ್ತಕದಲ್ಲಿ ಬರೆಯುವ ಒಬ್ಬರೂ ಇರಲಿ.